ಮಳೆ ನಿಂತ ಮೇಲೆ ಮನಸ್ಸಿಗೆ ಆಸರೆ: ಕೊಡಗಿನ ಊರುಗಳಿಗೊಂದು ಕೈಪಿಡಿ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಸುತ್ತ ಗುಡ್ಡಗಳು ಜರಿದವು. ಮರುವರ್ಷ ಅದೇ ತಿಂಗಳಲ್ಲಿ ತೋರದಲ್ಲಿ ಬೆಟ್ಟ ಕುಸಿಯಿತು. ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆಬದಿಯ ಮನೆಗಳಿಗೆ ಕಾವೇರಿ ನುಗ್ಗಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಮೂರು ವರ್ಷ ಒಂದೇ ತಿಂಗಳಲ್ಲಿ ಪೆಟ್ಟು ತಿಂದ ಜನರ ಮನಸ್ಸಿನಲ್ಲಿ ಮಳೆ ಎಂಬುದರ ಅರ್ಥವೇ ಬದಲಾಗಿದೆ. ಮಹಿಳಾ ಸಂಘ, ಯುವಕ ಸಂಘ, ಶಾಲೆಯ ಶಿಕ್ಷಕರು, ಆಶಾ ಕಾರ್ಯಕರ್ತೆಯರು ಮತ್ತು ನೆರೆಹೊರೆಯವರು ತಮ್ಮ ಊರಿನ ಸಂತ್ರಸ್ತರಿಗೆ ಹೇಗೆ ಒದಗಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ವಾರದಲ್ಲಿ ಮನಸ್ಸಿನ ಆರೈಕೆಯೆಂದರೆ ಬಹುಪಾಲು ದೇಹದ ಆರೈಕೆಯೇ. ಒಣಗಿದ ಬಟ್ಟೆ, ಬಿಸಿ ಗಂಜಿ, ಹೆಂಗಸರು ಬಟ್ಟೆ ಬದಲಿಸಲು ಪರದೆ ಕಟ್ಟಿದ ಒಂದು ಮೂಲೆ, ಮನೆಯವರು ಎಲ್ಲಿದ್ದಾರೆಂದು ತಿಳಿಯಲು ಚಾರ್ಜ್ ಇರುವ ಒಂದು ಫೋನ್, ಇವಿಷ್ಟು ಮೊದಲು ಸಿಗಬೇಕು. ಫಿಟ್ಸ್‌ಗೆ ಅಥವಾ ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದವರ ಚೀಟಿ ನೀರುಪಾಲಾಗಿರುತ್ತದೆ. ಆ ಮಾತ್ರೆಗಳು ಒಮ್ಮೆಲೇ ನಿಂತರೆ ಅಪಾಯವಾದ್ದರಿಂದ ಸಂತ್ರಸ್ತರು ತಂಗುವ ಕಾಳಜಿ ಕೇಂದ್ರಕ್ಕೆ ಬಂದ ಮೊದಲ ದಿನವೇ ಪ್ರತಿಯೊಬ್ಬರನ್ನೂ ಕೇಳಿ ಬರೆದುಕೊಂಡು ವೈದ್ಯರಿಗೆ ತಿಳಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಮಾರ್ಗದರ್ಶಿ ಇದನ್ನೆಲ್ಲ ನೋಡುವುದು, ಆಲಿಸುವುದು, ನೆರವಿನೊಂದಿಗೆ ಜೋಡಿಸುವುದು ಎಂಬ ಮೂರು ಕೆಲಸಗಳಲ್ಲಿ ಹೇಳುತ್ತದೆ.

ಆಲಿಸುವುದೆಂದರೆ ಕೆದಕುವುದಲ್ಲ. ನಡೆದದ್ದನ್ನೆಲ್ಲ ಹೇಳಿಬಿಡಿ, ಹಗುರವಾಗುತ್ತದೆ ಎಂದು ಒತ್ತಾಯಿಸುವುದರಿಂದ ಒಳಿತಿಗಿಂತ ಕೆಡುಕೇ ಆಗಬಹುದು. ಒಂದು ಪರಿಹಾರ ಕೇಂದ್ರದಲ್ಲಿ ವಯಸ್ಸಾದ ತಾಯಿಯೊಬ್ಬರು ಮೂರು ದಿನ ಗೋಡೆಗೆ ಒರಗಿ ಮಾತಿಲ್ಲದೆ ಕೂತಿದ್ದರು. ನಾಲ್ಕನೆಯ ದಿನ ಅಡುಗೆಯವರು ಅವರ ಮುಂದೆ ಬೆಳ್ಳುಳ್ಳಿಯ ಮೊರ ಇಟ್ಟರು. ಅರ್ಧ ಮೊರ ಸುಲಿದ ಮೇಲೆ, ತಲೆ ಎತ್ತದೆಯೇ, ‘ಹಸುವಿನ ಹಗ್ಗ ಬಿಚ್ಚಿ ಬರಲಿಲ್ಲ’ ಎಂದರು. ಜೊತೆಗಿದ್ದ ಹುಡುಗಿ ‘ಜೀವ ಉಳಿಯಿತಲ್ಲ, ಬಿಡಿ ಅಜ್ಜಿ’ ಎನ್ನಲಿಲ್ಲ. ‘ಅದರ ಹೆಸರೇನಿತ್ತು ಅಜ್ಜಿ?’ ಎಂದು ಕೇಳಿದಳು. ಅಂದು ಅವರು ತುಂಬ ಹೊತ್ತು ಅತ್ತರು, ಆ ಹುಡುಗಿ ಎದ್ದು ಹೋಗದೆ ಪಕ್ಕದಲ್ಲೇ ಕೂತಿದ್ದಳು. ಕೈಗೊಂದು ಕೆಲಸ, ಪಕ್ಕಕ್ಕೊಬ್ಬರು, ಉಪದೇಶವಿಲ್ಲದ ಒಂದು ಪ್ರಶ್ನೆ, ಇಷ್ಟನ್ನು ಯಾವ ತರಬೇತಿಯೂ ಇಲ್ಲದೆ ಯಾರು ಬೇಕಾದರೂ ಕೊಡಬಹುದು. ಫೋಟೊ ತೆಗೆಯುವವರನ್ನು ಮಾತ್ರ ಬಾಗಿಲಲ್ಲೇ ತಡೆಯಿರಿ.

ನಿದ್ದೆ ಬಾರದಿರುವುದು, ಬೆಚ್ಚಿಬೀಳುವುದು, ಸುಮ್ಮನೆ ಸಿಟ್ಟು ಬರುವುದು, ಮಕ್ಕಳು ಹಾಸಿಗೆ ಒದ್ದೆ ಮಾಡುವುದು ಮೊದಲ ವಾರಗಳಲ್ಲಿ ಸಹಜ; ಹೆಚ್ಚಿನವರಲ್ಲಿ ದಿನ ಕಳೆದಂತೆ ಇವು ಇಳಿಯುತ್ತವೆ. ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ, ಊಟ ಬಿಟ್ಟರೆ, ಕುಡಿತ ಏರುತ್ತಾ ಹೋದರೆ, ಕೆಲಸಕ್ಕೆ ಏಳಲಾಗದಿದ್ದರೆ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ನೀವೇ ಜೊತೆಯಾಗಿ ಕರೆದೊಯ್ಯಿರಿ. ಹೋಗಿ ಬನ್ನಿ ಎಂದು ಹೇಳಿ ಕಳಿಸಿದರೆ ಅನೇಕರು ಬಸ್ ನಿಲ್ದಾಣದಿಂದಲೇ ಹಿಂದಿರುಗುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನಲ್ಲಿ (ಸಂಖ್ಯೆ 14416) ಹಗಲು ರಾತ್ರಿ ಕನ್ನಡದಲ್ಲಿ ಉಚಿತವಾಗಿ ಮಾತನಾಡಬಹುದು.

ಯಾರಾದರೂ ಬದುಕು ಸಾಕೆಂಬಂತೆ ಮಾತನಾಡಿದರೆ, ಸಾಯಬೇಕೆನ್ನಿಸುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಹಾಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿ ಕೋವಿ ಇರುತ್ತದೆ, ತೋಟಕ್ಕೆ ಹೊಡೆಯುವ ಕೀಟನಾಶಕವೂ ಇರುತ್ತದೆ. ಅವರ ಮನಸ್ಸು ತಿಳಿಯಾಗುವವರೆಗೆ ಇವೆರಡೂ ಆ ಮನೆಯಲ್ಲಿ ಇರದಂತೆ ಹಿರಿಯರ ಮೂಲಕ ಏರ್ಪಾಡು ಮಾಡಿ. ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು.

ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿರುವ ಯರವ ಬುಡಕಟ್ಟಿನವರು, ತಮಿಳು, ಮಲಯಾಳಂ ಮಾತನಾಡುವ ಕಾರ್ಮಿಕರು, ದೂರದ ಅಸ್ಸಾಮಿನಿಂದ ಬಂದವರು ಪಟ್ಟಿಯಿಂದ ಬಿಟ್ಟುಹೋಗುವುದೇ ಹೆಚ್ಚು. ಅವರ ಭಾಷೆ ಬಲ್ಲ ಒಬ್ಬರಾದರೂ ನಿಮ್ಮ ತಂಡದಲ್ಲಿರಲಿ. ಗಂಡಸರು ಕೂತು ದುಃಖ ಹೇಳಿಕೊಳ್ಳುವುದು ಕಡಿಮೆ. ಕೆಸರು ತೆಗೆಯಲು, ಉಳಿದ ಕಾಫಿ ಗಿಡ ನೋಡಲು ಅವರೊಂದಿಗೆ ಹೋದರೆ ಮಾತು ತಾನಾಗಿ ಬರುತ್ತದೆ. ಮಕ್ಕಳಿಗೆ ಶಾಲೆ ಆದಷ್ಟು ಬೇಗ ತೆರೆಯಲಿ.

ಇಲ್ಲಿ ನೆಲ ಹೋಗುವುದೆಂದರೆ ಆಸ್ತಿ ಹೋಗುವುದಷ್ಟೇ ಅಲ್ಲ. ಕುಲದ ಮೂಲಮನೆಯಾದ ಐನ್‌ಮನೆ, ಪೂರ್ವಿಕರ ಗುಡಿಯಾದ ಕೈಮಡ, ಹಿರಿಯರನ್ನು ಮಣ್ಣು ಮಾಡಿದ ಜಾಗ ಎಲ್ಲವೂ ಅದರೊಂದಿಗೇ ಹೋಗುತ್ತವೆ. ಜಂಬೂರು, ಕರ್ಣಂಗೇರಿಯಂಥ ಪುನರ್ವಸತಿ ಬಡಾವಣೆಗಳಲ್ಲಿ ಗಟ್ಟಿ ಗೋಡೆಯ ಮನೆ ಸಿಕ್ಕವರಿಗೂ ಹಳೆಯ ನೆರೆಮನೆ ಇಲ್ಲದ ಕೊರತೆ ಕಾಡಬಹುದು. ಆದ್ದರಿಂದ ಮನೆ ಹಂಚುವಾಗ ಒಂದೂರಿನವರು ಅಕ್ಕಪಕ್ಕ ಬರುವಂತೆ ಅಧಿಕಾರಿಗಳಿಗೆ ಮನವಿ ಕೊಡಿ. ಸುಗ್ಗಿಯ ಹಬ್ಬವಾದ ಹುತ್ತರಿಗೆ ಕದಿರು ಕುಯ್ಯಲು ಸ್ವಂತ ಗದ್ದೆಯಿಲ್ಲದವರನ್ನು ನಿಮ್ಮ ಗದ್ದೆಗೆ ಕರೆದು ಕದಿರಿನ ಪಾಲು ಕೊಡಿ. ಪರಿಹಾರದ ಕಾಗದಗಳಿಗಾಗಿ ಕಚೇರಿಗೆ ಅಲೆಯುವವರ ಜೊತೆ ಓದುಬರಹ ಬಲ್ಲ ಒಬ್ಬರು ಹೋದರೆ, ಅದೂ ಮನಸ್ಸಿಗೆ ಕೊಟ್ಟ ಮದ್ದೇ.

ಹೊರಗಿನ ನೆರವು ಕೆಲವು ತಿಂಗಳಲ್ಲಿ ಖಾಲಿಯಾಗುತ್ತದೆ, ಭಯ ಮಾತ್ರ ಮುಂದಿನ ಕಕ್ಕಡಕ್ಕೆ, ಅಂದರೆ ಜುಲೈ–ಆಗಸ್ಟ್‌ನ ಜೋರು ಮಳೆಯ ತಿಂಗಳಿಗೆ, ಮರಳಿ ಬರುತ್ತದೆ. ಹಾಗಾಗಿ ಮೇ ತಿಂಗಳಲ್ಲೇ ಊರವರು ಸೇರಿ, ಯಾರ ವಾಹನದಲ್ಲಿ ಯಾರು ಹೊರಡಬೇಕು, ನಡೆಯಲಾಗದವರನ್ನು ಯಾರು ಹೊರಬೇಕು, ದನಗಳ ಹಗ್ಗ ಯಾವಾಗ ಬಿಚ್ಚಬೇಕು ಎಂದು ಹೆಸರು ಹಿಡಿದು ನಿರ್ಧರಿಸಿ. ವಾಟ್ಸಾಪ್‌ನಲ್ಲಿ ಬಂದ ಕುಸಿತದ ಸುದ್ದಿಯನ್ನು ಜಿಲ್ಲಾಡಳಿತದ ಪ್ರಕಟಣೆ ನೋಡದೆ ಮುಂದಕ್ಕೆ ಕಳಿಸಬೇಡಿ. ಸ್ವಯಂಸೇವಕರು ಸರದಿಯಂತೆ ನಿದ್ದೆ ಮಾಡಲಿ. ಮೊದಲ ಜೋರು ಮಳೆಯ ರಾತ್ರಿ, ಹೆಂಚಿನ ಮೇಲೆ ಸದ್ದು ಏರುವಾಗ, ನೀವು ಪಟ್ಟಿ ಮಾಡಿಕೊಂಡ ಒಂಟಿ ಮನೆಗಳಿಗೆಲ್ಲ ಒಂದೊಂದು ಫೋನ್ ಮಾಡಿ. ಎತ್ತದಿದ್ದವರ ಮನೆಗೆ ಇಬ್ಬರು ಜೊತೆಯಾಗಿ ಟಾರ್ಚ್ ಹಿಡಿದು ಹೋಗಿ ಬನ್ನಿ.