ಬರಿಗಣ್ಣಲ್ಲೇ ಆಲ್ಗಾಲ್‌ನ ಗ್ರಹಣ ಅಳೆದಿದ್ದು

ದೂರದರ್ಶಕ ಇಲ್ಲದೆ ಆಕಾಶದಲ್ಲಿ ಏನಾದರೂ ಅಳೆಯಬೇಕು ಅಂತ ಆಸೆ ಇದ್ದವರಿಗೆ ನಾನು ತೋರಿಸುವುದು ಪರ್ಸಿಯಸ್ ಪುಂಜದ ಆಲ್ಗಾಲ್. ಅಲ್ಲಿರುವುದು ಒಂದೇ ನಕ್ಷತ್ರ ಅಲ್ಲ. ಮಂಕಾದ ಜೊತೆಗಾರ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಪ್ರಖರವಾದದ್ದರ ಮುಂದೆ ಹಾದು ಹೋಗುತ್ತದೆ. ಆಗ ಬೆಳಕು 2.1ರಿಂದ 3.4ನೇ ಕಾಂತಿಮಾನಕ್ಕೆ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಇಳಿಯುತ್ತದೆ, ಅಂದರೆ ಮೂರನೇ ಒಂದು ಭಾಗದಷ್ಟೂ ಉಳಿಯುವುದಿಲ್ಲ. ಇಳಿದು ಮತ್ತೆ ಏರುವುದಕ್ಕೆ ಸುಮಾರು ಹತ್ತು ಗಂಟೆ.

ಸುಮ್ನೆ ದಿಟ್ಟಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೋಲಿಸಬೇಕು. ಆಂಡ್ರೊಮೀಡ ಪುಂಜದ ಆಲ್ಮಾಕ್ 2.1, ಪರ್ಸಿಯಸ್‌ನದೇ ನಕ್ಷತ್ರಗಳಾದ ಎಪ್ಸಿಲಾನ್ ಪರ್ಸಿ 2.9, ಕಪ್ಪಾ ಪರ್ಸಿ 3.8. ಆಲ್ಗಾಲ್ ಯಾವ ಎರಡರ ನಡುವೆ ಇದೆ, ಆ ಅಂತರವನ್ನು ಹತ್ತು ಪಾಲು ಮಾಡಿದರೆ ಎಷ್ಟನೇ ಪಾಲಲ್ಲಿದೆ ಅಂತ ಅಂದಾಜು ಮಾಡುತ್ತೇನೆ. ಎಪ್ಸಿಲಾನ್‌ನಿಂದ ಕಪ್ಪಾ ಕಡೆಗೆ ನಾಲ್ಕು ಪಾಲು ಅಂದರೆ ಸುಮಾರು 3.3. ಪಕ್ಕದಲ್ಲೇ ಇರುವ ರೋ ಪರ್ಸಿಯನ್ನು ಮಾತ್ರ ನಂಬಬೇಡಿ, ಅದರ ಹೊಳಪೂ ಬದಲಾಗುತ್ತಿರುತ್ತದೆ. ನಕ್ಷತ್ರಗಳು ದಿಗಂತದ ಹತ್ತಿರ ಇದ್ದಾಗಲೂ ಬೇಡ, ಗಾಳಿಯೇ ಬೆಳಕು ತಿಂದುಬಿಡುತ್ತದೆ.

ಕೆಂಪು ಟಾರ್ಚಿನ ಬೆಳಕಲ್ಲಿ ಕಾಲು ಗಂಟೆಗೊಮ್ಮೆ ಸಮಯ ಮತ್ತು ಅಂಕಿ ಬರೆಯುತ್ತೇನೆ. ಹಿಂದಿನ ಸಾಲನ್ನು ಕಾಗದದಿಂದ ಮುಚ್ಚಿಡುತ್ತೇನೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಕಳೆದ ಸಲ 3.0 ಅಂತ ಗೊತ್ತಿದ್ದರೆ ಈ ಸಲ 3.1 ಅಂತ ಬರೆಯೋಕೆ ಕೈ ತಾನಾಗಿಯೇ ಹೋಗುತ್ತದೆ, ಅಲ್ವಾ?

ಬೆಳಿಗ್ಗೆ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆಯುತ್ತೇನೆ. ಆಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದು, ಇಳಿಯುವ ಗೆರೆಯ ಮೇಲೆ ಏರುವ ಗೆರೆ ಕೂರುವ ಹಾಗೆ ಮಡಚುತ್ತೇನೆ. ಮಡಿಕೆ ಬಿದ್ದ ಜಾಗವೇ ಗ್ರಹಣದ ನಡು ಹೊತ್ತು. ತಳದ ಚುಕ್ಕಿ ಯಾವುದು ಅಂತ ಹುಡುಕುವುದಕ್ಕಿಂತ ಇದು ಎಷ್ಟೋ ವಾಸಿ, ಯಾಕೆಂದರೆ ತಳದಲ್ಲಿ ಹೊಳಪು ತುಂಬಾ ನಿಧಾನವಾಗಿ ಬದಲಾಗುತ್ತದೆ.

ಅವಧಿ ಲೆಕ್ಕ ಹಾಕಲು ಎರಡು ನಡು ಹೊತ್ತು ಬೇಕು. ಎಂಟು ಸುತ್ತು ಬಿಟ್ಟು ನೋಡುವುದು ನನ್ನ ರೂಢಿ. ಎಂಟು ಸುತ್ತಿಗೆ 23 ದಿನಕ್ಕೆ ಒಂದೂವರೆ ಗಂಟೆ ಕಡಿಮೆ, ಹಾಗಾಗಿ ಎರಡನೆಯದೂ ರಾತ್ರಿಯೇ ಸಿಗುತ್ತದೆ. ಒಟ್ಟು ಅಂತರದಲ್ಲಿ 24 ನಿಮಿಷ ಹೆಚ್ಚುಕಮ್ಮಿ ಆದರೂ ಎಂಟರಿಂದ ಭಾಗಿಸಿದರೆ ಉಳಿಯುವುದು ಮೂರೇ ನಿಮಿಷ.

1783ರಲ್ಲಿ ಇಂಗ್ಲೆಂಡಿನ ಜಾನ್ ಗುಡ್ರಿಕ್ ಈ ಅವಧಿಯನ್ನು ಲೋಕಕ್ಕೆ ತಿಳಿಸಿದಾಗ ಅವನಿಗೆ 18 ವರ್ಷ. ಕಿವಿ ಕೇಳಿಸುತ್ತಿರಲಿಲ್ಲ. ಯಾವುದೋ ಕಾಯ ಅಡ್ಡ ಬರುತ್ತಿರಬಹುದು ಅಂತ ಆಗಲೇ ಊಹಿಸಿದ್ದ. 2009ರಲ್ಲಿ ಹಾರಿದ ಕೆಪ್ಲರ್ ದೂರದರ್ಶಕ ಬೇರೆ ಸೂರ್ಯರ ಸುತ್ತ ಗ್ರಹಗಳನ್ನು ಹುಡುಕಿದ್ದೂ ಇದೇ ಉಪಾಯದಿಂದ. ಆದರೆ ಗುರುವಿನಷ್ಟು ದೊಡ್ಡ ಗ್ರಹ ಸೂರ್ಯನಂಥ ನಕ್ಷತ್ರದ ಮುಂದೆ ಬಂದರೂ ಮರೆಯಾಗುವುದು ಶೇ. 1ರಷ್ಟು ಬೆಳಕು ಮಾತ್ರ. ಅದು ಕಣ್ಣಿನ ಕೆಲಸ ಅಲ್ಲ.

ಆಲ್ಗಾಲ್‌ನಲ್ಲೇ ಎರಡನೇ ಗ್ರಹಣವೂ ಇದೆ, ಮಂಕು ನಕ್ಷತ್ರ ಹಿಂದೆ ಸರಿದಾಗ. ಇಳಿತ 0.1 ಕಾಂತಿಮಾನಕ್ಕೂ ಕಡಿಮೆ. ಅದಕ್ಕೆ ಈಗ ಕ್ಯಾಮೆರಾ ಹೊಂದಿಸಿಕೊಳ್ಳುತ್ತಿದ್ದೇನೆ.