ಮಗಳಿಗೆ ಒಳಗಿನ ಚೆಂದ ಹೇಳಿಕೊಡೋದು ಹೇಗೆ (ನಾನು ಎಡವಿದ್ದನ್ನೂ ಸೇರಿಸಿ)

ಒಂದು ಭಾನುವಾರ ಬೆಳಿಗ್ಗೆ. ಸಭೆಗೆ, ಅಂದ್ರೆ ಚರ್ಚಿಗೆ ಹೊರಡೋ ಹೊತ್ತು. ಆರು ವರ್ಷದ ಮಗಳು ಎಷ್ಟು ಕೂಗಿದರೂ ಬರಲಿಲ್ಲ. ಹೋಗಿ ನೋಡಿದರೆ ಪೌಡರ್ ಡಬ್ಬ ಅರ್ಧ ಖಾಲಿ. ಮುಖ ಬಿಡಿ, ಮೊಣಕೈಗೆ, ಮೊಣಕಾಲಿಗೆಲ್ಲ ಮೆತ್ತಿಕೊಂಡು ಕನ್ನಡಿ ಮುಂದೆ ನಿಂತಿದ್ದಾಳೆ. ಹಿಂದಿನ ವಾರ ಮದುವೆಯೊಂದರಲ್ಲಿ ಸಂಬಂಧಿಕರೊಬ್ಬರು ಅವಳ ಗಲ್ಲ ಹಿಡಿದು "ಲಕ್ಷಣವಾಗಿದ್ದಾಳೆ, ಬಣ್ಣ ಒಂದು ಅಮ್ಮಂದು ಬಂದಿದ್ರೆ" ಅಂದಿದ್ದರು. ನಾನು ಹಲ್ಲುಕಿರಿದು ಸುಮ್ಮನಾಗಿದ್ದೆ. ಈಗ ಒದ್ದೆ ಟವೆಲ್‌ನಲ್ಲಿ ಒರೆಸುತ್ತಾ, "ಹೊರಗಿನ ಚೆಂದ ಮುಖ್ಯ ಅಲ್ಲ ಚಿನ್ನಿ, ದೇವರು ಒಳಗಡೆ ನೋಡ್ತಾರೆ" ಅಂದೆ. ಅವಳು ತಟ್ಟನೆ ಕೇಳಿದಳು, "ಅಂದ್ರೆ ಹೊರಗಡೆ ನಾನು ಚೆನ್ನಾಗಿಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಅವಳು ಹಿಡಿದಿದ್ದು ಸರಿಯಾಗೇ ಇತ್ತು. ಬೆಳ್ಳಗಿರುವ ಮಗುವಿಗೆ ನಾವು "ಎಷ್ಟು ಮುದ್ದಾಗಿದ್ದಾಳೆ" ಅಂತೀವಿ, ಕಪ್ಪಗಿರುವ ಮಗುವಿಗೆ "ಗುಣ ಮುಖ್ಯ ಅಲ್ವಾ" ಅಂತೀವಿ. ಒಳಗಿನ ಚೆಂದ ಅನ್ನೋದು ನಮ್ಮ ಮನೆಗಳಲ್ಲಿ ಸಮಾಧಾನಕರ ಬಹುಮಾನ ಆಗಿಬಿಟ್ಟಿದೆ, ಓಟದಲ್ಲಿ ಕೊನೆಗೆ ಬಂದವರಿಗೆ ಕೊಡೋ ಸ್ಟೀಲ್ ಲೋಟದ ಹಾಗೆ. ಮಕ್ಕಳಿಗೆ ಇದು ಬೇಗ ಗೊತ್ತಾಗುತ್ತೆ.

ಹಾಗಾಗಿ ಮೊದಲು ಮಾಡಬೇಕಾದ ಕೆಲಸ, ನೀನು ಚೆಂದ ಇದ್ದೀಯ ಅಂತ ನೇರವಾಗಿ ಹೇಳಿ. ಆಮೇಲೆ "ಆದರೆ" ಸೇರಿಸಬೇಡಿ. ಬೈಬಲಿನ ಕೀರ್ತನೆ 139 ತೆಗೆದು, ತಾಯಿಯ ಹೊಟ್ಟೆಯಲ್ಲೇ ದೇವರು ನಿನ್ನನ್ನು ನೇಯ್ದ ಅನ್ನೋ ಭಾಗ ಓದಿ. ಬೈಬಲಿನದ್ದೇ ಇನ್ನೊಂದು ಪುಸ್ತಕ ಪರಮಗೀತದ ಮೊದಲನೇ ಅಧ್ಯಾಯದಲ್ಲಿ ಬಿಸಿಲಲ್ಲಿ ದ್ರಾಕ್ಷಿ ತೋಟ ಕಾದು ಕಪ್ಪಾದ ಹುಡುಗಿ ತನ್ನ ಬಗ್ಗೆ ಮಾತಾಡುತ್ತಾಳೆ. ಕಪ್ಪಾಗಿದ್ದರೂ ಚೆಲುವೆ ಅಂತ ಓದಿ ನಮಗೆ ರೂಢಿ. ಮೂಲ ಹೀಬ್ರೂದಲ್ಲಿ ಆ ಜಾಗದಲ್ಲಿ ಇರೋದು ಒಂದೇ ಅಕ್ಷರ, ಅದಕ್ಕೆ "ಆದರೂ" ಅಂತಲೂ ಅರ್ಥ ಮಾಡಬಹುದು, "ಮತ್ತು" ಅಂತಲೂ ಮಾಡಬಹುದು. ನಾನು ಮಗಳಿಗೆ "ಕಪ್ಪು ಮತ್ತು ಚೆಲುವೆ" ಅಂತಲೇ ಹೇಳಿಕೊಟ್ಟಿದ್ದೇನೆ.

ಎರಡನೇದು ನಮ್ಮ ಬಾಯಿ. ಒಂದು ವಾರ ಕನ್ನಡಿ ಮುಂದೆ ನಿಮ್ಮ ಮೈ ಬಗ್ಗೆ ಏನೂ ಬೈಕೊಳ್ಳದೆ ಇರೋಕೆ ನೋಡಿ. ದಪ್ಪ ಆದೆ, ಕೂದಲು ಪೊರಕೆ ಆಯ್ತು, ಈ ಬ್ಲೌಸು ಹಾಕಿದ್ರೆ ಕೈ ನೋಡಕ್ಕಾಗಲ್ಲ, ಏನೂ ಅನ್ನಬಾರದು. ನಾನು ಸೋಮವಾರ ಶುರು ಮಾಡಿ ಮಂಗಳವಾರ ಬೆಳಿಗ್ಗೆಗೇ ಸೋತೆ. ಮಗಳು ಹಲ್ಲುಜ್ಜುತ್ತಾ ಪಕ್ಕದಲ್ಲೇ ನಿಂತಿದ್ದಳು. ಎಷ್ಟು ಬೈಬಲ್ ವಾಕ್ಯ ಬಾಯಿಪಾಠ ಮಾಡಿಸಿದರೂ, ಅಮ್ಮ ಕನ್ನಡಿಗೆ ಹೇಳಿದ ಮಾತೇ ಮೊದಲು ತಲೆಗೆ ಹೋಗೋದು.

ಇನ್ನು ನೆಂಟರು. ಮಗುವಿನ ಮುಂದೆ ಬಣ್ಣದ ಮಾತು ಬಂದರೆ ಮಗುವಿನ ಮುಂದೆಯೇ ಉತ್ತರ ಕೊಡಬೇಕು, ಆಮೇಲೆ ಮನೆಗೆ ಬಂದು ಸಮಾಧಾನ ಮಾಡಿದರೆ ಸಾಲದು. ಜಗಳ ಬೇಡ. "ಆಂಟಿ, ನಮಗೆ ಅವಳ ಬಣ್ಣ ತುಂಬಾ ಇಷ್ಟ" ಅಂತ ನಕ್ಕೊಂಡು ಹೇಳಿ, ಮಾತು ಊಟದ ಕಡೆ ತಿರುಗಿಸಿ. ಅತ್ತೆ ಅಥವಾ ಅಮ್ಮನೇ ಅಂದರೆ ಬೇರೆ ದಾರಿ. ಎಲ್ಲರ ಎದುರು ಬೇಡ, ಸಂಜೆ ಕಾಫಿ ಕೊಟ್ಟು ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿ. ಅವರೂ ಇದೇ ಮಾತು ಕೇಳಿಸಿಕೊಂಡು ಬೆಳೆದವರು ತಾನೆ. 1975ರಿಂದ ಮಾರುತ್ತಿದ್ದ ಫೇರ್ ಅಂಡ್ ಲವ್ಲಿ ಕ್ರೀಮಿನ ಹೆಸರಿಂದ "ಫೇರ್" ಅನ್ನೋ ಪದ ಹೋಗಿದ್ದೇ 2020ರಲ್ಲಿ. ನಮ್ಮ ಮದುವೆ ಹಾಲ್‌ಗಳಿಂದ ಇನ್ನೂ ಹೋಗಿಲ್ಲ.

ಈಗ ವಾಕ್ಯಕ್ಕೆ ಬರೋಣ. ಎಲ್ಲರೂ ಹಿಡಿಯೋದು 1 ಪೇತ್ರ 3:3-4, ಯೇಸುವಿನ ಶಿಷ್ಯ ಪೇತ್ರನ ಪತ್ರದ ಮಾತು. ಜಡೆ, ಚಿನ್ನ, ಬಟ್ಟೆ ಇವೇ ನಿಮ್ಮ ಅಲಂಕಾರ ಆಗಬಾರದು, ಹೃದಯದೊಳಗೆ ಕಾಣದೆ ಇರೋದು ಅಲಂಕಾರವಾಗಲಿ ಅನ್ನೋ ಮಾತು. ಇದನ್ನು ಓದಿದ ದಿನ ನನ್ನ ಮಗಳು "ಸ್ಕೂಲಲ್ಲಿ ಎರಡು ಜಡೆ ಹಾಕ್ಕೊಂಡು ಬರಲೇಬೇಕಲ್ಲ, ಏನ್ ಮಾಡೋದು?" ಅಂತ ಗಾಬರಿಯಾದಳು! ನಗಬೇಡಿ, ದೊಡ್ಡವರೇ ಇಲ್ಲಿ ಒಪ್ಪಲ್ಲ. ಬೆಂಗಳೂರಲ್ಲೇ ಕೆಲವು ಸಭೆಗಳಲ್ಲಿ ಹೆಂಗಸರು ಒಡವೆ, ಹೂವು ಮುಟ್ಟೋದಿಲ್ಲ, ಇನ್ನು ಕೆಲವು ಕಡೆ ಮೈಸೂರು ಸಿಲ್ಕ್, ಮಲ್ಲಿಗೆ ಎಲ್ಲ ಇರುತ್ತೆ. ಒಂದೇ ಕುಟುಂಬದಲ್ಲಿ ಎರಡೂ ಥರದವರು ಇರುತ್ತಾರೆ. ನಾನು ಮಗಳಿಗೆ ಹೇಳಿದ್ದು ಇಷ್ಟು: ಪೇತ್ರ ಜಡೆ, ಚಿನ್ನದ ಜೊತೆಗೆ ಬಟ್ಟೆ ಹಾಕೋದನ್ನೂ ಸೇರಿಸಿದ್ದಾನೆ, ಬಟ್ಟೆಯೇ ಬೇಡ ಅಂತ ಅವನ ಅರ್ಥ ಅಲ್ಲ ಅಲ್ವಾ? ಹಾಗೆ ಜಡೆಯೂ ಬೇಡ ಅಂತ ಅಲ್ಲ. ಜಡೆಯಲ್ಲೇ ಮುಗಿದು ಹೋಗಬೇಡ ಅಂತ.

ಅದೇ ವಾಕ್ಯದಲ್ಲಿ "ಸಾತ್ವಿಕ", "ಶಾಂತ" ಅಂತ ಬರುತ್ತೆ. ಇಲ್ಲಿ ಸ್ವಲ್ಪ ಹುಷಾರು. ಇದನ್ನು ಹಿಡಿದು ಹೆಣ್ಣುಮಕ್ಕಳ ಬಾಯಿ ಮುಚ್ಚಿಸೋದು ನಾನು ಬಹಳ ನೋಡಿದ್ದೇನೆ. ಮತ್ತಾಯ 11:29ರಲ್ಲಿ ಯೇಸು ತನ್ನನ್ನೇ ಸಾತ್ವಿಕ ಅಂತ ಕರೆದುಕೊಳ್ಳುತ್ತಾನೆ, ದೇವಾಲಯದಲ್ಲಿ ದುಡ್ಡಿನ ವ್ಯಾಪಾರಿಗಳ ಮೇಜು ಉರುಳಿಸಿದವನೂ ಅವನೇ. ಹಾಗಾಗಿ ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ, ತಂಗಿಗೆ ಯಾರಾದರೂ ಹೊಡೆದರೆ, ಕೂಗಾಡೋದು ಸಾತ್ವಿಕತೆಗೆ ವಿರುದ್ಧ ಅಲ್ಲ ಅಂತ ಸ್ಪಷ್ಟವಾಗಿ ಹೇಳಿ. ಇದನ್ನು ಒಂದು ಸಲ ಹೇಳಿ ಬಿಡಬೇಡಿ, ಆಗಾಗ ಹೇಳ್ತಾ ಇರಿ.

1 ಸಮುವೇಲ 16 ಓದುವಾಗ ಪೂರ್ತಿ ಓದಿ. ಹೊಸ ಅರಸನನ್ನು ಆರಿಸೋಕೆ ಇಷಯನ ಮನೆಗೆ ಹೋದ ಪ್ರವಾದಿ ಸಮುವೇಲ, ಅವನ ದೊಡ್ಡ ಮಗ ಎಲೀಯಾಬನ ಎತ್ತರ ನೋಡಿ ಮರುಳಾದ, ದೇವರು ಬೇಡ ಅಂದ, ಮನುಷ್ಯರು ನೋಡೋದು ಹೊರಗಿನದು, ತಾನು ನೋಡೋದು ಹೃದಯ ಅಂದ. ಅದು ಏಳನೇ ವಚನ. ಅಲ್ಲಿಗೇ ಪುಸ್ತಕ ಮುಚ್ಚಿಬಿಡ್ತೀವಿ. ಹನ್ನೆರಡನೇ ವಚನದಲ್ಲಿ ದೇವರು ಆರಿಸಿದ ಚಿಕ್ಕ ಮಗ ದಾವೀದ ಬರುತ್ತಾನೆ, ಅವನ ಕಣ್ಣು ಚೆಂದ, ನೋಡೋಕೂ ಚೆಂದ ಅಂತ ಬರೆದಿದೆ! ಚೆಂದ ಇರೋದು ತಪ್ಪಲ್ಲ, ಅಳತೆಕೋಲು ಅದಲ್ಲ ಅಷ್ಟೆ.

ಕತೆಗಳಲ್ಲಿ ಚಿಕ್ಕವರಿಗೆ ನನ್ನ ಮೊದಲ ಆಯ್ಕೆ ದೊರ್ಕ. ಅಪೊಸ್ತಲರ ಕೃತ್ಯಗಳು 9ರಲ್ಲಿ ಇದ್ದಾಳೆ. ಯೊಪ್ಪ ಊರಲ್ಲಿ ಅವಳು ಸತ್ತಾಗ ವಿಧವೆಯರೆಲ್ಲ ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನ. ಅವಳ ಮುಖ ಹೇಗಿತ್ತು ಅಂತ ಎಲ್ಲೂ ಇಲ್ಲ. ಕತೆ ಹೇಳಿ ಸೂಜಿ ದಾರ ಕೊಡಿ, ಅಪ್ಪನ ಶರ್ಟಿನ ಬಟನ್ ಹಾಕಲಿ. ನಮ್ಮನೆಯಲ್ಲಿ ಬಟನ್ ಸೊಟ್ಟಗೆ ಬಂತು, ಅಪ್ಪ ಅದನ್ನೇ ಹಾಕ್ಕೊಂಡು ಆಫೀಸಿಗೆ ಹೋದರು.

ಇನ್ನೊಂದು ಕತೆ ನಮ್ಮೂರಿಗೂ ಸೇರಿದ್ದು. ಏಮಿ ಕಾರ್ಮೈಕಲ್ 1867ರಲ್ಲಿ ಐರ್ಲೆಂಡಿನ ಉತ್ತರದಲ್ಲಿ ಹುಟ್ಟಿದವರು. ಚಿಕ್ಕವಳಿದ್ದಾಗ ನನಗೆ ನೀಲಿ ಕಣ್ಣು ಕೊಡು ದೇವರೇ ಅಂತ ಪ್ರಾರ್ಥಿಸಿ ಮಲಗಿ, ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಅದೇ ಕಂದು ಕಣ್ಣು! ಬಹಳ ಬೇಜಾರಾಯಿತಂತೆ. 1895ರಲ್ಲಿ ಮಿಷನರಿಯಾಗಿ ಭಾರತಕ್ಕೆ ಬಂದಾಗ ಮೊದಲು ಇದ್ದಿದ್ದು ಬೆಂಗಳೂರಲ್ಲಿ. ಆಮೇಲೆ ತಮಿಳುನಾಡಿನ ದೋಣಾವೂರಿನಲ್ಲಿ ಅಪಾಯದಲ್ಲಿದ್ದ ಹೆಣ್ಣುಮಕ್ಕಳನ್ನು ಸಾಕಿದರು. ಆ ಮಕ್ಕಳನ್ನು ಹುಡುಕಿಕೊಂಡು ಹೋಗುವಾಗ ಸೀರೆ ಉಟ್ಟು, ಕೈಗೆ ಕಾಫಿ ಹಚ್ಚಿ ಬಣ್ಣ ಕಪ್ಪು ಮಾಡಿಕೊಳ್ಳುತ್ತಿದ್ದರು, ಕಣ್ಣು ನೀಲಿ ಇದ್ದಿದ್ದರೆ ಸಿಕ್ಕಿಬೀಳುತ್ತಿದ್ದರು ಅಂತ ಹೇಳುತ್ತಾರೆ. ಮಗಳು ಬಾಯಿ ಬಿಟ್ಟುಕೊಂಡು ಕೇಳಿದಳು. ಆಮೇಲೆ ತನ್ನ ಮೊಣಕೈ ನೋಡಿಕೊಂಡು, "ನನ್ ಥರ ಆಗಕ್ಕೆ ಕಾಫಿ ಹಚ್ಕೊಂಡ್ರಾ?" ಅಂದಳು. ಪೌಡರ್ ಡಬ್ಬ ಇನ್ನೂ ಅಲ್ಲೇ ಇದೆ, ಆದರೆ ಈಗ ಬೇಗ ಖಾಲಿ ಆಗಲ್ಲ.

ಹೊಗಳೋದಕ್ಕೂ ಒಂದು ಕ್ರಮ ಇದೆ. "ಒಳ್ಳೆ ಹುಡುಗಿ" ಅಂದರೆ ಮಗುವಿಗೆ ಏನೂ ಸಿಗಲ್ಲ. ಕಂಡಿದ್ದನ್ನು ಹೇಳಿ. "ಬಸ್ಸಲ್ಲಿ ಕಿಟಕಿ ಸೀಟು ತಮ್ಮನಿಗೆ ಬಿಟ್ಟೆ, ನಿಂಗೂ ಬೇಕಿತ್ತು ಅಂತ ನಂಗೆ ಗೊತ್ತು" ಅಂದರೆ ರಾತ್ರಿವರೆಗೂ ನೆನಪಿರುತ್ತೆ. ಕುಟುಂಬ ಪ್ರಾರ್ಥನೆಯಲ್ಲಿ ಅದಕ್ಕೆ ಹೆಸರು ಹಿಡಿದು ದೇವರಿಗೆ ಸ್ತೋತ್ರ, ಅಂದ್ರೆ ಥ್ಯಾಂಕ್ಸ್ ಹೇಳಿ.

ಕೊನೆಗೆ ಸಭೆಯ ಕಡೆಯೂ ಒಂದು ಕಣ್ಣಿಡಿ. ಕ್ರಿಸ್ಮಸ್ ನಾಟಕದಲ್ಲಿ ಯೇಸುವಿನ ತಾಯಿ ಮರಿಯಳು, ದೇವದೂತರು ಯಾರಾಗ್ತಾರೆ ಅಂತ ಎಷ್ಟೋ ಕಡೆ ಮಕ್ಕಳಿಗೆ ಮೊದಲೇ ಗೊತ್ತಿರುತ್ತೆ, ಬೆಳ್ಳಗಿರೋರು. ಮರಿಯಳು ನಜರೇತಿನ ಹುಡುಗಿ, ಪಶ್ಚಿಮ ಏಷ್ಯಾದವಳು, ನಮ್ಮ ಕ್ಯಾಲೆಂಡರಿನಲ್ಲಿ ಇರೋ ಹಾಗೆ ಇದ್ದಿರಲಾರಳು. ಹೋದ ವರ್ಷ ಮಗಳು ಎರಡನೇ ಸಲ ಕುರಿಯಾದಾಗ ನಾನು ಸಂಡೇ ಸ್ಕೂಲ್ ಟೀಚರ್ ಹತ್ತಿರ ಹೋಗಿ, ಮುಂದಿನ ಸಲ ಚೀಟಿ ಎತ್ತೋಣ ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಹೌದಲ್ಲ ಅಂದರು. ಈ ವರ್ಷ ಚೀಟಿ ಎತ್ತಿದರು. ನಮ್ಮವಳಿಗೆ ಬಂದಿದ್ದು ಒಂಟೆಯ ಹಿಂಗಾಲು. ಸಿಕ್ಕಾಪಟ್ಟೆ ಖುಷಿಯಲ್ಲಿದ್ದಾಳೆ. ಕಂದು ಬೆಡ್‌ಶೀಟ್ ಬೇಕಂತೆ, ಮನೆಯಲ್ಲಿ ಇರೋದೆಲ್ಲ ಹೂವಿನದ್ದು, ಶನಿವಾರ ಚಿಕ್ಕಪೇಟೆಗೆ ಹೋಗಬೇಕು.