ಸರ್ಕಾರಿ ವೆಬ್‌ಸೈಟ್‌ಗಳಲ್ಲಿ ನಿಮ್ಮ ವಿವರ ಎಷ್ಟಿದೆ? ಹುಡುಕಿ, ಮರೆಮಾಡಿಸುವುದು ಹೀಗೆ

ಸರ್ಕಾರದ ಕಡತಗಳನ್ನು ಜನ ನೋಡುವಂತಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಟೆಂಡರ್ ಯಾರಿಗೆ ಸಿಕ್ಕಿತು, ಜಮೀನು ಯಾರ ಹೆಸರಿಗೆ ಹೋಯಿತು, ಸಹಾಯಧನ ಯಾರ ಕೈ ಸೇರಿತು, ಕೋರ್ಟು ಏನು ಹೇಳಿತು ಎಂಬುದೆಲ್ಲ ಗುಟ್ಟಾಗಿದ್ದರೆ ದುಡ್ಡು ಹೊಡೆಯುವವರಿಗೇ ಅನುಕೂಲ. ಸ್ವೀಡನ್ 1766ರಲ್ಲೇ ಸರ್ಕಾರಿ ಕಾಗದಪತ್ರ ನೋಡುವ ಹಕ್ಕನ್ನು ಜನರಿಗೆ ಕಾನೂನಿನ ಮೂಲಕ ಕೊಟ್ಟಿತು. ಆದರೆ ಅದೇ ಸಹಾಯಧನದ ಪಟ್ಟಿಯಲ್ಲಿ ನಿಮ್ಮ ಹುಟ್ಟಿದ ದಿನ, ಮನೆ ವಿಳಾಸ, ಮೊಬೈಲ್ ನಂಬರ್, ಬ್ಯಾಂಕ್ ಖಾತೆ ನಂಬರ್ ಎಲ್ಲ ಸೇರಿಕೊಂಡು ಪಿಡಿಎಫ್ ಆಗಿ ಎಲ್ಲರಿಗೂ ಸಿಗುವಂತಿದ್ದರೆ? ದುಡ್ಡು ಯಾರಿಗೆ ಹೋಯಿತು ಅಂತ ತಿಳಿಯಲು ಖಾತೆ ನಂಬರ್ ಬೇಕಿಲ್ಲ ಅಲ್ವಾ?

ಹಿಂದೆ ಈ ಕಾಗದಗಳು ಕಚೇರಿಯ ಕಪಾಟಿನಲ್ಲಿರುತ್ತಿದ್ದವು. ಬೇಕಾದವರು ಅಲ್ಲಿಗೆ ಹೋಗಿ, ಅರ್ಜಿ ಕೊಟ್ಟು, ಕಾದು ನೋಡಬೇಕಿತ್ತು. ಆ ಅಲೆದಾಟವೇ ಒಂದು ರೀತಿಯ ರಕ್ಷಣೆಯೂ ಆಗಿತ್ತು. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಇದನ್ನೇ ಹೇಳಿತು. ಬೇರೆ ಬೇರೆ ಕೋರ್ಟು, ಪೊಲೀಸ್ ಠಾಣೆಗಳಲ್ಲಿ ಚದುರಿರುವ ಕಡತಗಳಿಗೂ, ಅವನ್ನೆಲ್ಲ ಒಂದೇ ಕಂಪ್ಯೂಟರಿನಲ್ಲಿ ಒಟ್ಟು ಹಾಕಿದ ದಾಖಲೆಗೂ ತುಂಬಾ ವ್ಯತ್ಯಾಸ ಇದೆ ಎಂದು. ಈಗ ಅಲೆದಾಟ ಇಲ್ಲ. ಹಾಗಾಗಿ ರಕ್ಷಣೆಯ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು.

ಮೊದಲು ನಿಮ್ಮನ್ನು ನೀವೇ ಹುಡುಕಿ

ಬ್ರೌಸರಿನಲ್ಲಿ ಪ್ರೈವೇಟ್ ವಿಂಡೋ ತೆರೆಯಿರಿ. ನಿಮ್ಮ ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಹೆಸರನ್ನು ಎಷ್ಟು ಥರ ಬರೆಯುತ್ತಾರೋ ಅಷ್ಟೂ ಥರ ಬರೆದು ನೋಡಿ: ಇನಿಷಿಯಲ್ ಮುಂದೆ, ಹಿಂದೆ, ಬೇರೆ ಸ್ಪೆಲ್ಲಿಂಗ್, ಬೇರೆ ಭಾಷೆ. ಆಮೇಲೆ ಮೊಬೈಲ್ ನಂಬರ್, ಹಳೆ ವಿಳಾಸ. ಫಲಿತಾಂಶ ಜಾಸ್ತಿ ಬಂದರೆ ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಸರ್ಕಾರಿ ತಾಣದ ವಿಳಾಸ ಸೇರಿಸಿ. ಆಗ ಆ ತಾಣದ್ದು ಮಾತ್ರ ಬರುತ್ತದೆ. ಫೈಲ್‌ಟೈಪ್ ಎಂದು ಬರೆದು ಕೋಲನ್ ಹಾಕಿ ಪಿಡಿಎಫ್ ಎಂದು ಸೇರಿಸಿದರೆ ಪಟ್ಟಿಗಳು, ಸುತ್ತೋಲೆಗಳು ಸಿಗುತ್ತವೆ. ಗುರುತಿನ ಚೀಟಿಯ ನಂಬರನ್ನು ಮಾತ್ರ ಪೂರ್ತಿಯಾಗಿ ಸರ್ಚ್ ಎಂಜಿನ್ನಿಗೆ ಕೊಡಬೇಡಿ.

ಇಷ್ಟಕ್ಕೇ ಮುಗಿಯಲಿಲ್ಲ. ಫಾರ್ಮ್ ತುಂಬಿದರೆ ಮಾತ್ರ ತೆರೆಯುವ ಪುಟಗಳು ಗೂಗಲ್‌ನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಮತದಾರರ ಪಟ್ಟಿ, ಜಮೀನಿನ ದಾಖಲೆ, ಕೋರ್ಟ್ ಪ್ರಕರಣಗಳು, ಕಂಪನಿ ನೋಂದಣಿ, ಪರೀಕ್ಷೆಯ ಫಲಿತಾಂಶ ಇವುಗಳ ತಾಣಗಳಿಗೆ ನೀವೇ ಹೋಗಿ, ಲಾಗಿನ್ ಆಗದೆ, ಹೊರಗಿನವರಿಗೆ ಏನೇನು ಕಾಣುತ್ತದೆ ನೋಡಿ.

ಸಿಕ್ಕಿದ್ದರ ಲಿಂಕ್, ಪುಟ ಸಂಖ್ಯೆ, ನೋಡಿದ ದಿನಾಂಕ ಬರೆದಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆಯಿರಿ.

ಯಾವುದು ಅಪಾಯ ಎಂದು ವಿಂಗಡಿಸಿ

ಇಲ್ಲೇ ಬಹಳ ಜನ ಎಡವುವುದು. ಖಾತೆ ನಂಬರ್, ಗುರುತಿನ ನಂಬರ್, ಸಹಿ ಇವು ಅಪಾಯ ಅಂತ ಎಲ್ಲರಿಗೂ ಗೊತ್ತು. ಬಿಡಿಬಿಡಿಯಾಗಿ ನೋಡಿದರೆ ಏನೂ ಅನ್ನಿಸದ ವಿವರಗಳು ಒಟ್ಟು ಸೇರಿದಾಗ ಏನಾಗುತ್ತದೆ ಎಂಬುದನ್ನು ಅಮೆರಿಕದಲ್ಲಿ ಲಟಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ 1997ರಲ್ಲಿ ತೋರಿಸಿದರು. ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತ್ತು. ಅದರಲ್ಲಿ ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಮಾತ್ರ ಹಾಗೇ ಉಳಿದಿದ್ದವು. ಸ್ವೀನಿ 20 ಡಾಲರ್ ಕೊಟ್ಟು ಅದೇ ರಾಜ್ಯದ ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ತಂದು ಎರಡನ್ನೂ ಪಕ್ಕಪಕ್ಕ ಇಟ್ಟರು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಹುಟ್ಟಿದ ದಿನದಂದೇ ಹುಟ್ಟಿದವರು ಆ ಪಟ್ಟಿಯಲ್ಲಿ 6 ಜನ, ಅವರಲ್ಲಿ ಗಂಡಸರು 3, ಆ ಪಿನ್‌ಕೋಡಿನಲ್ಲಿದ್ದವರು ಒಬ್ಬರೇ. ಗವರ್ನರ್ ಅವರ ಆಸ್ಪತ್ರೆ ದಾಖಲೆ ಸಿಕ್ಕೇಬಿಟ್ಟಿತು.

ಆದ್ದರಿಂದ ನಿಮ್ಮ ವಿವರಗಳನ್ನೂ ಹಾಗೇ ಪಕ್ಕಪಕ್ಕ ಇಟ್ಟು ನೋಡಿ. ಒಂದು ಪಟ್ಟಿಯಲ್ಲಿ ಹುಟ್ಟಿದ ದಿನ, ಇನ್ನೊಂದರಲ್ಲಿ ವಿಳಾಸ, ಮತ್ತೊಂದರಲ್ಲಿ ತಾಯಿಯ ಹೆಸರು. ಪಾಸ್‌ವರ್ಡ್ ಮರೆತಾಗ ಕೇಳುವ ಪ್ರಶ್ನೆಗಳಿಗೆ ಉತ್ತರ ಇದರಲ್ಲೇ ಸಿಗುತ್ತದಾ? ನಿಮ್ಮನ್ನು ಕಾಡುತ್ತಿರುವ ಯಾರಾದರೂ ಇದನ್ನು ನೋಡಿ ಮನೆ ಬಾಗಿಲಿಗೆ ಬರಬಹುದಾ? ಹೌದು ಎಂದಾದರೆ ಅದನ್ನು ಪಟ್ಟಿಯ ಮೇಲ್ಗಡೆ ಹಾಕಿ.

ಇಲಾಖೆಗೆ ಬರೆಯಿರಿ

ಇಡೀ ದಾಖಲೆ ತೆಗೆಯಿರಿ ಎಂದು ಕೇಳಬೇಡಿ. ಕೇಳಿದರೂ ಒಪ್ಪುವುದು ಕಷ್ಟ, ಮತ್ತೆ ಅದು ಸರಿಯೂ ಅಲ್ಲ, ಆ ದಾಖಲೆ ನೋಡುವ ಹಕ್ಕು ಉಳಿದವರಿಗೂ ಇದೆ. ಮರೆಮಾಡಿ ಎಂದು ಕೇಳಿ. ಹೀಗೆ ಬರೆಯಬಹುದು: "ಈ ಲಿಂಕಿನಲ್ಲಿರುವ ಪಟ್ಟಿಯ ಇಂಥ ಪುಟದಲ್ಲಿ ನನ್ನ ಹೆಸರಿನ ಜೊತೆ ಬ್ಯಾಂಕ್ ಖಾತೆ ಸಂಖ್ಯೆ ಪೂರ್ತಿಯಾಗಿ ಕಾಣುತ್ತಿದೆ. ಹೆಸರು, ಮೊತ್ತ ಹಾಗೇ ಇರಲಿ. ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದನ್ನು ಮರೆಮಾಡಿ ಹೊಸ ಫೈಲ್ ಹಾಕಬೇಕು, ಹಳೆ ಫೈಲನ್ನು ಸರ್ವರಿನಿಂದ ಅಳಿಸಬೇಕು." ಕೊನೆಯ ಮಾತು ಮುಖ್ಯ. ಪುಟದಿಂದ ಲಿಂಕ್ ಮಾತ್ರ ತೆಗೆದರೆ ಫೈಲ್ ಅಲ್ಲೇ ಇರುತ್ತದೆ, ಹಳೆ ವಿಳಾಸ ಗೊತ್ತಿದ್ದವರಿಗೆ ತೆರೆಯುತ್ತದೆ. ಪತ್ರದಲ್ಲಿ ಆ ನಂಬರನ್ನು ಮತ್ತೆ ಪೂರ್ತಿ ಬರೆಯಬೇಡಿ. ಉತ್ತರ ಬರದಿದ್ದರೆ ಮೇಲಧಿಕಾರಿಗೆ, ನಿಮ್ಮಲ್ಲಿ ದತ್ತಾಂಶ ರಕ್ಷಣೆಗೆ ಪ್ರಾಧಿಕಾರ ಇದ್ದರೆ ಅದಕ್ಕೂ ಬರೆಯಿರಿ.

ಸರ್ಚ್ ಎಂಜಿನ್ ಕಡೆ ಆಮೇಲೆ

ಫೈಲ್ ಬದಲಾದ ಮೇಲೂ ಹಳೆಯ ತುಣುಕು ಹುಡುಕಾಟದಲ್ಲಿ ಸ್ವಲ್ಪ ದಿನ ಕಾಣಬಹುದು. ಹಳತಾದ ಮಾಹಿತಿಯನ್ನು ತೆಗೆಸಲೆಂದೇ ಗೂಗಲ್‌ನಲ್ಲಿ ಫಾರ್ಮ್ ಇದೆ, ತುಂಬಿ. ಮೂಲ ಫೈಲ್ ಹಾಗೇ ಇದ್ದಾಗ ಕೇಳಿದರೆ, ಅದು ಸರ್ಕಾರಿ ದಾಖಲೆ ಎಂಬ ಕಾರಣಕ್ಕೆ ಒಪ್ಪದೆಯೂ ಇರಬಹುದು. ಯುರೋಪಿನಲ್ಲಿ ಇದಕ್ಕೆ ಇನ್ನೊಂದು ದಾರಿ ತೆರೆದದ್ದು 2014ರಲ್ಲಿ. ಸಾಲಕ್ಕಾಗಿ ತನ್ನ ಆಸ್ತಿ ಹರಾಜಿಗೆ ಬಂದಿದೆ ಎಂದು 1998ರಲ್ಲಿ ಪತ್ರಿಕೆಯೊಂದರಲ್ಲಿ ಬಂದಿದ್ದ ಸರ್ಕಾರಿ ಪ್ರಕಟಣೆ, ಗೂಗಲ್‌ನಲ್ಲಿ ತನ್ನ ಹೆಸರು ಹುಡುಕಿದಾಗೆಲ್ಲ ಬರುತ್ತದೆ ಎಂದು ಸ್ಪೇನಿನ ಒಬ್ಬರು ದೂರು ಕೊಟ್ಟಿದ್ದರು. ಆ ಪ್ರಕಟಣೆ ಪತ್ರಿಕೆಯ ತಾಣದಲ್ಲಿ ಉಳಿಯಿತು. ಆದರೆ ಹೆಸರಿನ ಹುಡುಕಾಟದಿಂದ ಇಂಥ ಹಳೆಯ ಲಿಂಕ್ ತೆಗೆಸುವ ಹಕ್ಕು ಜನರಿಗಿದೆ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿತು.

ಮುಂದೆ ಏನಾದರೂ ಸಲ್ಲಿಸುವಾಗ

ಸರ್ಕಾರ ಕರಡು ನಿಯಮಕ್ಕೆ ಆಕ್ಷೇಪಣೆ ಕರೆದಾಗ ನೀವು ಕಳಿಸಿದ್ದು ಎಷ್ಟೋ ಕಡೆ ಹಾಗೇ ಪ್ರಕಟವಾಗುತ್ತದೆ. ಕೇಳದ ವಿವರವನ್ನು ಸುಮ್ನೆ ಕೊಡಬೇಡಿ. ಪಿಡಿಎಫ್‌ನಲ್ಲಿ ಅಕ್ಷರಗಳ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಲದು. 2019ರ ಜನವರಿಯಲ್ಲಿ ಅಮೆರಿಕದಲ್ಲಿ, ಡೊನಾಲ್ಡ್ ಟ್ರಂಪ್ ಅವರ ಚುನಾವಣಾ ಪ್ರಚಾರ ನಡೆಸಿದ್ದ ಪಾಲ್ ಮ್ಯಾನಫೋರ್ಟ್ ಪರ ವಕೀಲರು ಕೋರ್ಟಿಗೆ ಹೀಗೇ ಮಾಡಿದ ಕಾಗದ ಕೊಟ್ಟರು. ಪತ್ರಕರ್ತರು ಕಪ್ಪು ಭಾಗವನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರು, ಅಡಗಿಸಿದ್ದೆಲ್ಲ ಹೊರಬಂತು. ಅಕ್ಷರವನ್ನೇ ಅಳಿಸಿ, ಪುಟವನ್ನು ಚಿತ್ರವಾಗಿ ಉಳಿಸಿ, ಆಮೇಲೆ ಕಳಿಸಿ.

ಬೇರೆಯವರ ವಿವರ ಕಣ್ಣಿಗೆ ಬಿದ್ದರೆ

ಡೌನ್‌ಲೋಡ್ ಮಾಡಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ. ಕೆನಡಾದ ನೋವಾ ಸ್ಕೋಷಿಯಾದಲ್ಲಿ 2018ರಲ್ಲಿ 19 ವರ್ಷದ ಹುಡುಗನೊಬ್ಬ ಮಾಹಿತಿ ಹಕ್ಕಿನ ತಾಣದ ವಿಳಾಸದ ಕೊನೆಯ ಸಂಖ್ಯೆ ಬದಲಿಸುತ್ತಾ ಸುಮಾರು 7,000 ಕಡತ ಇಳಿಸಿಕೊಂಡಿದ್ದ. ಕೆಲವದರಲ್ಲಿ ಜನರ ಖಾಸಗಿ ವಿವರ ಇತ್ತು. ಬೀಗ ಹಾಕದೆ ಬಿಟ್ಟದ್ದು ಸರ್ಕಾರ, ಪೊಲೀಸರು ಹೋದದ್ದು ಅವನ ಮನೆಗೆ. ಕೊನೆಗೆ ಪ್ರಕರಣ ಕೈಬಿಟ್ಟರು, ಆದರೆ ಆ ಮನೆಯವರು ಪಟ್ಟ ಪಾಡು ಯಾರಿಗೂ ಬೇಡ. ಲಿಂಕನ್ನು ಮಾತ್ರ ಇಲಾಖೆಗೆ ಇಮೇಲ್ ಮಾಡಿ, ಅದರ ಪ್ರತಿ ಇಟ್ಟುಕೊಳ್ಳಿ, ಸರಿಪಡಿಸುವವರೆಗೆ ಆ ಲಿಂಕನ್ನು ಎಲ್ಲೂ ಹಾಕಬೇಡಿ.